ಗ್ರಿಲ್ಲಿನೊಳಗಿನ ಗುಲಾಬಿ: ಉಣಿಸುವುದಕ್ಕೂ ಹದ ಬೇಕು

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ಸಮಾರಂಭಗಳಲ್ಲಿ ಅತಿಥಿಗಳಿಗೆ ಹೂಗುಚ್ಛದ ಬದಲು ಹೂವಿನ ಗಿಡವನ್ನೇ ನೀಡಿ ಗೌರವಿಸುವ ಪರಿಪಾಠ ಅಲ್ಲಲ್ಲಿ ಕಂಡುಬರುತ್ತದೆ. ಶಾಲು, ಫಲಪುಷ್ಪ, ಸ್ಮರಣಿಕೆಗಳ ಜೊತೆಗೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಗುಲಾಬಿ ಗಿಡ. ಒಳ್ಳೆಯ ಬದಲಾವಣೆಯೇ ಸರಿ. ಆದರೆ ವೇದಿಕೆಯಲ್ಲಿ ಎರಡು ಹೂ ಅರಳಿಸಿಕೊಂಡು ನಿಂತಿದ್ದ ಆ ಗಿಡ ಮೂರು ತಿಂಗಳ ಬಳಿಕ ಹೇಗಿದೆ ಎಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸಿದರೆ ಹೆಚ್ಚಿನವರ ಉತ್ತರ ಒಂದೇ. "ನೀರು ಹಾಕಿದೆವು, ಗೊಬ್ಬರ ಹಾಕಿದೆವು, ಆದರೂ ಒಣಗಿತು."

ಈ "ಆದರೂ" ಎಂಬಲ್ಲಿಯೇ ಸಮಸ್ಯೆ ಇರುವುದು. ಊರಿನ ಅಂಗಳದಲ್ಲಿ ಬಾವಿಕಟ್ಟೆಯ ಪಕ್ಕ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತಿದ್ದ ಗುಲಾಬಿ ಇಲ್ಲಿ ನಾಲ್ಕನೆಯ ಮಾಳಿಗೆಯ ಗ್ರಿಲ್ಲಿನಲ್ಲಿ ಇಷ್ಟೆಲ್ಲ ಉಪಚಾರ ಮಾಡಿದರೂ ಏಕೆ ಉಳಿಯುವುದಿಲ್ಲ? ಅಂಗಳದ ಗಿಡದ ಬೇರಿಗೆ ಹತ್ತು ದಿಕ್ಕುಗಳಿದ್ದವು. ಹೆಚ್ಚಾದ ನೀರು ಭೂಮಿಗೆ ಇಂಗುತ್ತಿತ್ತು, ಕಡಿಮೆಯಾದ ಸತ್ವವನ್ನು ಬೇರು ದೂರಕ್ಕೆ ಹೋಗಿ ಹುಡುಕುತ್ತಿತ್ತು. ಚಟ್ಟಿಯ ಗಿಡಕ್ಕೆ ನಾವು ಕೊಟ್ಟದ್ದೇ ಊಟ, ನಾವು ಕೊಟ್ಟದ್ದೇ ವಿಷ. (ಹೂವಿನ ಚಟ್ಟಿಗೆ ಮರಾಠಿಯಲ್ಲಿ ಹೇಳುವ ಹೆಸರು ಕನ್ನಡದ ಕಿವಿಗೆ ಬೇರೆಯೇ ಅರ್ಥ ಕೊಡುವುದರಿಂದ ಊರಿನಿಂದ ಹೊಸದಾಗಿ ಬಂದವರು ನರ್ಸರಿಯಲ್ಲಿ ಮುಖ ಮುಖ ನೋಡಿಕೊಳ್ಳುವುದುಂಟು. ನಾವು ಚಟ್ಟಿ ಎಂದೇ ಹೇಳೋಣ.)

ಮೊದಲು ಬಿಸಿಲು ನೋಡಿ

ಗುಲಾಬಿಗೆ ದಿನಕ್ಕೆ ಕನಿಷ್ಠ ಐದಾರು ಗಂಟೆ ನೇರ ಬಿಸಿಲು ಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಎದುರಿನ ಕಟ್ಟಡ ಹತ್ತು ಅಡಿ ದೂರದಲ್ಲಿರುವ, ಉತ್ತರಕ್ಕೆ ಮುಖ ಮಾಡಿದ ಕಿಟಕಿಯಲ್ಲಿ ಗುಲಾಬಿ ಬೆಳೆಸಲು ಹೊರಡುವುದು ವ್ಯರ್ಥ. ಅಲ್ಲಿ ಮನಿಪ್ಲಾಂಟ್ ಇಟ್ಟು ಸುಮ್ಮನಿರುವುದು ಮೇಲು. ಪೂರ್ವದ ಬಿಸಿಲು ಎಲ್ಲಕ್ಕಿಂತ ಉತ್ತಮ. ದಕ್ಷಿಣದ ಬಾಲ್ಕನಿಯವರಿಗೂ ಒಂದು ಅನುಕೂಲವಿದೆ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ಗುಲಾಬಿ ಚೆನ್ನಾಗಿ ಹೂ ಬಿಡುವ ತಿಂಗಳುಗಳಲ್ಲೇ ಅವರ ಗ್ರಿಲ್ಲಿಗೆ ಬಿಸಿಲು ಒಳಗಿನವರೆಗೆ ಬರುತ್ತದೆ. ಪಶ್ಚಿಮದ ಬಾಲ್ಕನಿಯಲ್ಲೂ ಗಿಡ ಬರುತ್ತದೆ, ಆದರೆ ಎಪ್ರಿಲ್-ಮೇ ತಿಂಗಳ ಇಳಿಹೊತ್ತಿನ ಬಿಸಿಲಿಗೆ ಒಂದು ತೆಳು ಬಟ್ಟೆಯ ಮರೆ ಬೇಕಾದೀತು.

ಚಟ್ಟಿ 12 ಇಂಚಿಗಿಂತ ಚಿಕ್ಕದು ಬೇಡ. ಆದರೆ ಅಂತಹ ಚಟ್ಟಿಗೆ ಬರೇ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ ಅದರ ಭಾರ 20 ಕಿಲೋ ಆಸುಪಾಸು ಆಗುತ್ತದೆ. ಹಳೆಯ ಕಟ್ಟಡಗಳ ತುಕ್ಕು ಹಿಡಿದ ಗ್ರಿಲ್ಲಿನಲ್ಲಿ ಇಂತಹ ಐದಾರು ಚಟ್ಟಿ ಇಡುವ ಮುನ್ನ ಗ್ರಿಲ್ಲನ್ನು ಗೋಡೆಗೆ ಹಿಡಿದಿರುವ ಬೋಲ್ಟುಗಳನ್ನು ಒಮ್ಮೆ ಪರೀಕ್ಷಿಸಿ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಗೋಡೆಯ ಮೇಲೆ ಹೊರಮುಖವಾಗಿ ಚಟ್ಟಿ ಇಡುವುದಂತೂ ಕೂಡದು.

ಮಣ್ಣಿನ ಮಿಶ್ರಣ ಹೀಗಿರಲಿ: ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸೆಗಣಿ ಗೊಬ್ಬರ ಅಥವಾ ಎರೆಗೊಬ್ಬರ, ಇನ್ನೊಂದು ಪಾಲಿನಲ್ಲಿ ಅರ್ಧ ಕೊಕೊಪೀಟ್ ಎಂದು ಮಾರುವ ತೆಂಗಿನ ನಾರಿನ ಹುಡಿ, ಅರ್ಧ ದಪ್ಪ ಮರಳು. ಕೊನೆಗೆ ಎರಡು ಹಿಡಿ ಬೇವಿನ ಹಿಂಡಿ. ಹಸಿ ಸೆಗಣಿ ಬೇಡವೇ ಬೇಡ. ಅದು ಚಟ್ಟಿಯೊಳಗೆ ಕೊಳೆಯುವಾಗ ಬಿಸಿಯೇರಿ ಎಳೆ ಬೇರುಗಳು ಬೆಂದು ಹೋಗುತ್ತವೆ.

ನರ್ಸರಿಯ ಜೇಡಿ ಉಂಡೆ

ಮುಂಬಯಿಯ ನರ್ಸರಿಗಳಲ್ಲಿ ಮಾರಾಟವಾಗುವ ಗುಲಾಬಿ ಗಿಡಗಳು ಬಹುತೇಕ ಪುಣೆಯ ಸುತ್ತಮುತ್ತಲಿನಿಂದ, ಇಲ್ಲವೇ ಆಂಧ್ರದ ರಾಜಮಹೇಂದ್ರಿ ಸಮೀಪದ ಕಡಿಯಂನಂತಹ ನರ್ಸರಿ ಊರುಗಳಿಂದ ಬರುತ್ತವೆ. ದೂರದ ಪ್ರಯಾಣಕ್ಕೆಂದು ಬೇರಿನ ಸುತ್ತ ಅಂಟು ಜೇಡಿಮಣ್ಣಿನ ಉಂಡೆ ಕಟ್ಟಿರುತ್ತಾರೆ. ಈ ಉಂಡೆಯನ್ನು ಹಾಗೆಯೇ ಹೊಸ ಮಣ್ಣಿನಲ್ಲಿ ಹೂತರೆ ಏನಾಗುತ್ತದೆ? ಒಮ್ಮೆ ಒಣಗಿದ ಜೇಡಿ ಕಲ್ಲಿನಂತಾಗಿ ನೀರನ್ನು ಒಳಕ್ಕೆ ಬಿಡುವುದಿಲ್ಲ. ಸುತ್ತಲಿನ ಮಣ್ಣು ಒದ್ದೆ, ನಡುವಿನ ಬೇರು ಒಣ. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ. ಒದ್ದೆಯಾದ ಉಂಡೆ ವಾರಗಟ್ಟಲೆ ಒಣಗದೆ ಬೇರು ಕೊಳೆಯುತ್ತದೆ. ಸಮಾರಂಭದಲ್ಲಿ ಸಿಕ್ಕಿದ ಗಿಡಗಳು ಸಾಯುವುದಕ್ಕೆ ಈ ಉಂಡೆಯೇ ದೊಡ್ಡ ಕಾರಣ ಎಂಬುದು ಈ ಲೇಖಕನ ಅಭಿಪ್ರಾಯ.

ಗಿಡ ತಂದ ದಿನವೇ ಚಟ್ಟಿ ಬದಲಿಸಬೇಡಿ. ಒಂದು ವಾರ ನೆರಳಿನಲ್ಲಿಟ್ಟು ಮನೆಯ ಗಾಳಿಗೆ ಹೊಂದಿಕೊಳ್ಳಲು ಬಿಡಿ. ಬಳಿಕ ಬುಡವನ್ನು ಒಂದು ಬಾಲ್ದಿ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಕೈಯಿಂದ ಮೆಲ್ಲಗೆ ಜೇಡಿಯನ್ನು ಕರಗಿಸಿ ತೆಗೆಯಿರಿ. ಪೂರ್ತಿ ಹೋಗದಿದ್ದರೂ ಚಿಂತೆಯಿಲ್ಲ, ಮುಕ್ಕಾಲು ಪಾಲು ಹೋದರೆ ಸಾಕು. ನೆಡುವಾಗ ಕಾಂಡದ ಕೆಳಭಾಗದಲ್ಲಿ ಗಂಟಿನಂತೆ ಕಾಣುವ ಕಸಿಯ ಜಾಗ ಮಣ್ಣಿನಿಂದ ಒಂದಿಂಚು ಮೇಲಿರಲಿ. ಆಮೇಲೆ ಮೂರು-ನಾಲ್ಕು ವಾರ ಯಾವ ಗೊಬ್ಬರವೂ ಬೇಡ. ಆಪರೇಷನ್ ಆದವರಿಗೆ ಮೊದಲ ದಿನವೇ ಹೋಳಿಗೆ ಊಟ ಬಡಿಸಿದಂತೆ ಆದೀತು.

ಕಸಿಯ ಜಾಗ ಮೇಲಿರಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. "ಮೊದಲ ವರ್ಷ ಕೆಂಪು ಹೂ ಬಿಟ್ಟ ಗಿಡ ಈಗ ಆಳೆತ್ತರ ಬೆಳೆದಿದೆ, ಆದರೆ ಒಂದು ಹೂವೂ ಇಲ್ಲ" ಎನ್ನುವವರ ಮನೆಗೆ ಹೋಗಿ ನೋಡಿದರೆ ಬಹುತೇಕ ಸಂಗತಿ ಇಷ್ಟೇ: ಕಸಿಯ ಕೆಳಗಿನಿಂದ ಹೊರಟ ಕಾಡುಗುಲಾಬಿಯ ಚಿಗುರು ಮೇಲಿನ ಒಳ್ಳೆಯ ಜಾತಿಯನ್ನು ತಿಂದು ಹಾಕಿರುತ್ತದೆ. ಎಲೆಯ ಬಣ್ಣ, ಮುಳ್ಳಿನ ರೀತಿ ಎರಡೂ ಬೇರೆ. ಅಂತಹ ಚಿಗುರು ಕಂಡ ಕೂಡಲೇ ಬುಡದ ಮಣ್ಣು ಸರಿಸಿ, ಹೊರಟ ಜಾಗದಿಂದಲೇ ಕಿತ್ತು ತೆಗೆಯಬೇಕು. ಮೇಲಿನಿಂದ ಕತ್ತರಿಸಿದರೆ ಒಂದರ ಜಾಗದಲ್ಲಿ ಮೂರು ಬರುತ್ತವೆ.

ಊಟ ಎಷ್ಟು, ಯಾವಾಗ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಗುಲಾಬಿ ಹೊಟ್ಟೆಬಾಕ ಗಿಡ ಎನ್ನುವುದು ನಿಜ. ಹೂ ಬಿಡುವ ಕಾಲದಲ್ಲಿ ಅದಕ್ಕೆ ಪದೇ ಪದೇ ಆಹಾರ ಬೇಕು. ಆದರೆ ನಮ್ಮ ಬಾಲ್ಕನಿಗಳಲ್ಲಿ ಹಸಿವಿನಿಂದ ಸತ್ತ ಗುಲಾಬಿಗಿಂತ ಅಜೀರ್ಣದಿಂದ ಸತ್ತ ಗುಲಾಬಿಗಳೇ ಹೆಚ್ಚು. ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಮಿಡಿ ತನ್ನೊಳಗಿನ ನೀರನ್ನೆಲ್ಲ ಬಿಟ್ಟು ಚಿರುಟಿಕೊಳ್ಳುತ್ತದಲ್ಲ, ಅತಿಯಾದ ಗೊಬ್ಬರ ಬೇರಿಗೆ ಮಾಡುವುದೂ ಅದನ್ನೇ. ಗೊಬ್ಬರವೂ ಒಂದು ಬಗೆಯ ಉಪ್ಪೇ. ಮಣ್ಣಿನಲ್ಲಿ ಅದರ ಪ್ರಮಾಣ ಏರಿದರೆ ನೀರಿದ್ದರೂ ಬೇರು ಹೀರಲಾರದು. ಎಲೆಯ ಅಂಚು ಕಂದಾಗಿ ಸುಟ್ಟಂತಾಗುತ್ತದೆ. ಇದನ್ನು ಕಂಡವರು "ಶಕ್ತಿ ಸಾಲದು" ಎಂದುಕೊಂಡು ಇನ್ನೊಂದು ಚಮಚ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು.

ಆದ್ದರಿಂದ ನಿಯಮ ಒಂದೇ. ಸ್ವಲ್ಪ ಸ್ವಲ್ಪ, ಪದೇ ಪದೇ. ಒಣ ಮಣ್ಣಿಗೆ ಎಂದೂ ಗೊಬ್ಬರ ಹಾಕಬಾರದು. ಮೊದಲು ನೀರು, ಬಳಿಕ ಗೊಬ್ಬರ, ಮತ್ತೆ ಸ್ವಲ್ಪ ನೀರು. ಕಾಂಡಕ್ಕೆ ತಾಗದಂತೆ ಚಟ್ಟಿಯ ಅಂಚಿನಲ್ಲಿ ಹಾಕಬೇಕು.

12 ಇಂಚಿನ ಚಟ್ಟಿಗೆ ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ, ಎರಡು ತಿಂಗಳಿಗೊಮ್ಮೆ ಎರಡು ದೊಡ್ಡ ಚಮಚ ಬೇವಿನ ಹಿಂಡಿ. ಇದು ಅಡಿಪಾಯ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಇದರ ಮೇಲೆ 15 ದಿನಕ್ಕೊಮ್ಮೆ ನೀರುಗೊಬ್ಬರ. ನೆಲಗಡಲೆ ಹಿಂಡಿ, ಅಂದರೆ ಉತ್ತರ ಕರ್ನಾಟಕದವರ ಶೇಂಗಾ ಹಿಂಡಿ, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಮೂರು-ನಾಲ್ಕು ದಿನ ಮುಚ್ಚಿಟ್ಟು, ಸೋಸಿ, ಮತ್ತೆ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಸೇರಿಸಿ ಒಂದೊಂದು ಲೋಟ ಹಾಕಬಹುದು. ಫಲಿತಾಂಶ ಚೆನ್ನಾಗಿದೆ, ವಾಸನೆ ಮಾತ್ರ ಸಹಿಸಲಸಾಧ್ಯ. ನೆರೆಮನೆಯವರ ಕಿಟಕಿ ಹತ್ತಿರವಿದ್ದರೆ ಸೊಸೈಟಿಯ ಮೀಟಿಂಗಿನಲ್ಲಿ ನಿಮ್ಮ ಹೆಸರು ಬರುವುದು ಖಚಿತ. ಅಂತಹವರು ಅಂಗಡಿಯಲ್ಲಿ ಸಿಗುವ ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ 1ರಿಂದ 2 ಗ್ರಾಂನಂತೆ ಬಳಸಲಿ. ಆ ಮೂರು ಅಂಕೆಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾವಾರು ಪ್ರಮಾಣ. ಮೊದಲನೆಯದು ಎಲೆ-ಚಿಗುರಿಗೆ, ಎರಡನೆಯದು ಬೇರಿಗೆ, ಮೂರನೆಯದು ಹೂವಿಗೆ ಮತ್ತು ಗಿಡದ ಗಟ್ಟಿತನಕ್ಕೆ ಎಂದು ಸ್ಥೂಲವಾಗಿ ತಿಳಿದುಕೊಂಡರೆ ಸಾಕು. ಬರೇ ಯೂರಿಯಾ ಹಾಕಿದವರ ಗಿಡ ಹಚ್ಚಗೆ ಬೆಳೆದು ಹೂ ಕೊಡದೆ ಇರುವುದು ಈ ಲೆಕ್ಕ ತಪ್ಪುವುದರಿಂದಲೇ.

ರಂಜಕಕ್ಕೆಂದು ಮಾಲಿಗಳು ಎಲುಬಿನ ಹುಡಿ ಹಾಕಲು ಹೇಳುತ್ತಾರೆ. ಚಟ್ಟಿಗೆ ಒಂದು ದೊಡ್ಡ ಚಮಚ ಸಾಕು, ಅದು ತಿಂಗಳುಗಟ್ಟಲೆ ನಿಧಾನವಾಗಿ ಕರಗುತ್ತದೆ. ಆದರೆ ನಮ್ಮ ಅನೇಕ ಮನೆಗಳಲ್ಲಿ, ವಿಶೇಷವಾಗಿ ಆ ಹೂವನ್ನೇ ದೇವರಿಗೆ ಏರಿಸುವವರಿಗೆ, ಅದು ಮನೆಯೊಳಗೆ ಬರುವುದೇ ಇಷ್ಟವಿರುವುದಿಲ್ಲ. ಅವರು ಸಿಂಗಲ್ ಸೂಪರ್ ಫಾಸ್ಫೇಟ್ ಒಂದು ಚಿಕ್ಕ ಚಮಚ, ಮಣ್ಣು ಬದಲಿಸುವಾಗ ತಳದಲ್ಲಿ ಬೆರೆಸಿದರೆ ಆಯಿತು. ಗಿಡಕ್ಕೆ ಅದೂ ಒಂದೇ, ಇದೂ ಒಂದೇ.

ಅಡುಗೆಮನೆಯ ಔಷಧಗಳ ಬಗ್ಗೆ ಎರಡು ಮಾತು. ಚಹಾದ ಚರಟ ಹಾಕುವವರು ಹಾಲು-ಸಕ್ಕರೆ ಹೋಗುವಂತೆ ತೊಳೆದು ಒಣಗಿಸಿ ಹಾಕಲಿ, ಇಲ್ಲವಾದರೆ ಇರುವೆ, ಇರುವೆಯ ಹಿಂದೆ ಹಿಟ್ಟುತಿಗಣೆ. ಬಾಳೆಹಣ್ಣಿನ ಸಿಪ್ಪೆಯಲ್ಲಿ ಪೊಟ್ಯಾಷ್ ಇದೆ, ಸಾರಜನಕ ಅಷ್ಟಿಲ್ಲ. ಅದೊಂದನ್ನೇ ನಂಬಿ ಕೂರುವಂತಿಲ್ಲ. ಮೊಟ್ಟೆಯ ಚಿಪ್ಪು ಕರಗಲು ವರ್ಷವೇ ಬೇಕು. ಅಕ್ಕಿ ತೊಳೆದ ನೀರು ತೊಂದರೆಯಿಲ್ಲ, ಆದರೆ ಉಪ್ಪು ಹಾಕಿದ ಗಂಜಿತಿಳಿ ಬೇಡ. ಇವೆಲ್ಲವನ್ನೂ ನೇರವಾಗಿ ಚಟ್ಟಿಗೆ ಸುರಿಯುವುದಕ್ಕಿಂತ ಒಂದು ಡಬ್ಬಿಯಲ್ಲಿ ಕಾಂಪೋಸ್ಟ್ ಮಾಡಿ ಹಾಕುವುದೇ ಸರಿಯಾದ ದಾರಿ.

ಟ್ಯಾಂಕರ್ ನೀರು ಮತ್ತು ಪನ್ನೀರು ಗುಲಾಬಿ

ಡೊಂಬಿವಲಿಯಲ್ಲಿ ನೆಲೆಸಿರುವ, ಹೋಟೆಲ್ ವ್ಯವಹಾರದಿಂದ ನಿವೃತ್ತರಾದ ಹಿರಿಯರೊಬ್ಬರ ಮನೆಯಲ್ಲಿ ಒಂದು ಪನ್ನೀರು ಗುಲಾಬಿ ಇದೆ. ಹೂ ನೋಡಲು ಸಾಮಾನ್ಯ, ತಿಳಿಗೆಂಪು, ಸಂಜೆಗೆಲ್ಲ ಎಸಳು ಉದುರುತ್ತದೆ. ಆದರೆ ಪರಿಮಳ ಇಡೀ ಕೋಣೆಗೆ. ಕಾರ್ಕಳ ಕಡೆಯ ಅವರ ತಾಯಿಮನೆ ಪಾಲಾಗಿ ಮಾರಾಟವಾಗುವ ಮುನ್ನ ಅಂಗಳದ ಗಿಡದಿಂದ ನಾಲ್ಕು ಕಡ್ಡಿ ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ, ಮತ್ಸ್ಯಗಂಧಾ ರೈಲಿನಲ್ಲಿ ತಂದದ್ದು. ಬದುಕಿದ್ದು ಒಂದೇ. ಕೊಂಡವರು ಮನೆ ಕೆಡವಿದ್ದಾರೆ, ಅಂಗಳಕ್ಕೆ ಕಾಂಕ್ರೀಟು ಬಿದ್ದಿದೆ. "ಈ ಗಿಡ ಹೋದ್ರೆ ಇನ್ನೊಂದು ತರ್ಲಿಕ್ಕೆ ಆ ಮನೆಯೇ ಇಲ್ಲ ಮಾರಾಯ್ರೆ" ಎನ್ನುತ್ತಾರೆ ಅವರು.

ಒಂದು ಬೇಸಿಗೆಯಲ್ಲಿ ಈ ಗಿಡದ ಹೊಸ ಎಲೆಗಳು ಹಳದಿಯಾಗತೊಡಗಿದವು. ನರಗಳು ಮಾತ್ರ ಹಸಿರು. ಮಗ ಗೊಬ್ಬರ ತಂದು ಹಾಕಿದ. ಎಲೆಯ ಅಂಚು ಸುಟ್ಟಿತು. ಇನ್ನೊಬ್ಬರು ಬೇರೆ ಗೊಬ್ಬರ ಹೇಳಿದರು. ಅರ್ಧ ಗಿಡ ಒಣಗಿತು. ಕಾರಣ ಗೊಬ್ಬರದಲ್ಲಿರಲಿಲ್ಲ, ನೀರಿನಲ್ಲಿತ್ತು. ಆ ವರ್ಷ ಕಟ್ಟಡಕ್ಕೆ ತಿಂಗಳುಗಟ್ಟಲೆ ಟ್ಯಾಂಕರಿನ ಬೋರ್‌ವೆಲ್ ನೀರು ಬರುತ್ತಿತ್ತು. ಗುಲಾಬಿಗೆ ತುಸು ಹುಳಿಯ ಮಣ್ಣು ಇಷ್ಟ. ಗಡಸು ನೀರು ಮಣ್ಣನ್ನು ಕ್ಷಾರದತ್ತ ಎಳೆಯುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಚಟ್ಟಿಯ ಹೊರಮೈಯಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಇದೇ ಎಂದು ತಿಳಿಯಬೇಕು.

ಗಿಡ ಉಳಿದದ್ದು ಹೀಗೆ. ಗೊಬ್ಬರ ಪೂರ್ತಿ ನಿಲ್ಲಿಸಿ, ಸೋಸಿದ ಒಳ್ಳೆಯ ನೀರನ್ನು ಒಂದೇ ಸಲಕ್ಕೆ ಚಟ್ಟಿಯ ಅಳತೆಯ ಮೂರರಷ್ಟು ನಿಧಾನವಾಗಿ ಹೊಯ್ದು ತಳದಿಂದ ಹರಿದು ಹೋಗಲು ಬಿಟ್ಟರು. ವಾರದ ಬಳಿಕ ಇನ್ನೊಮ್ಮೆ. ಗಿಡಕ್ಕೆ ದಕ್ಕುವ ರೂಪದ ಕಬ್ಬಿಣ, ಕೀಲೇಟೆಡ್ ಐರನ್ ಎಂದು ಕೃಷಿ ಅಂಗಡಿಯಲ್ಲಿ ಸಿಗುವುದನ್ನು, ಪ್ಯಾಕೆಟಿನ ಮೇಲೆ ಬರೆದ ಅಳತೆಯಲ್ಲಿ ಎಲೆಗೆ ಸಿಂಪಡಿಸಿದರು. ಜೂನಿನಲ್ಲಿ ಮಳೆನೀರು ಸಿಕ್ಕಿದ ಮೇಲೆ ಚಿಗುರು ಹಸಿರಾಗಿಯೇ ಬಂತು. ಹಳೆಯ ಎಲೆಗಳು ಹಳದಿಯಾಗಿ ಹೊಸವು ಹಸಿರಾಗಿದ್ದರೆ ಅದು ಬೇರೆ ಕಥೆ. ಅಲ್ಲಿ ನರಗಳ ನಡುವೆ ಮಾತ್ರ ಹಳದಿ ಕಂಡರೆ ಮೆಗ್ನೀಷಿಯಂ ಕೊರತೆ ಇರಬಹುದು. ತಿಂಗಳಿಗೊಮ್ಮೆ ಲೀಟರ್ ನೀರಿಗೆ ಅರ್ಧ ಚಿಕ್ಕ ಚಮಚ ಎಪ್ಸಮ್ ಸಾಲ್ಟ್ ಸಾಕಾಗುತ್ತದೆ. ಬರೇ ಕೆಳಗಿನ ಎರಡು ಎಲೆ ಹಳದಿಯಾದರೆ ಏನೂ ಮಾಡಬೇಕಾಗಿಲ್ಲ, ಎಲೆಗೂ ವಯಸ್ಸಾಗುತ್ತದೆ.

ಆ ಹಿರಿಯರು ಈಗ ಬುದ್ಧಿವಂತಿಕೆ ಮಾಡಿದ್ದಾರೆ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ, ಏಳೆಂಟು ಇಂಚು ಉದ್ದದ ಕಡ್ಡಿಗಳನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ಒಂದೆರಡು ಎಲೆ ಮಾತ್ರ ಉಳಿಸಿ, ಮರಳು-ಕೊಕೊಪೀಟ್ ಮಿಶ್ರಣದಲ್ಲಿ ನೆರಳಿನಲ್ಲಿ ಊರಿದರು. ನಾಲ್ಕರಿಂದ ಆರು ವಾರದಲ್ಲಿ ಬೇರು ಬಂತು. ಒಂದು ಗಿಡ ಥಾಣೆಯ ತಂಗಿಯ ಮನೆಗೆ, ಇನ್ನೊಂದು ಸಂಘದ ಸ್ನೇಹಿತರ ಮನೆಗೆ ಹೋಗಿದೆ. ಊರಿನ ಪನ್ನೀರು ಗುಲಾಬಿಯಂತಹವು ಸ್ವಂತ ಬೇರಿನ ಮೇಲೆ ಬದುಕುವ ಗಟ್ಟಿ ಜಾತಿ, ಕಸಿಯ ಕಿರಿಕಿರಿ ಇಲ್ಲ. ಹೂಗುಚ್ಛದಲ್ಲಿ ಬರುವ ಉದ್ದ ಕಾಂಡದ ಪಾಲಿಹೌಸ್ ಗುಲಾಬಿಯ ಕಡ್ಡಿ ಊರುವವರಿಗೆ ಮಾತ್ರ ಹೆಚ್ಚಾಗಿ ನಿರಾಶೆಯೇ.

ನಮ್ಮ ಬಿಸಿಲಿಗೆ ಒಗ್ಗುವ ಗುಲಾಬಿ ತಳಿಗಳಿಗಾಗಿ ದುಡಿದವರಲ್ಲಿ ಡಾ. ಬಿ. ಪಿ. ಪಾಲ್ ಅವರ ಹೆಸರು ದೊಡ್ಡದು. ವೃತ್ತಿಯಲ್ಲಿ ಗೋಧಿಯ ವಿಜ್ಞಾನಿ, 1965ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದವರು, ಪ್ರವೃತ್ತಿಯಲ್ಲಿ ಗುಲಾಬಿ ತಳಿಗಾರ. ಬೆಂಗಳೂರು ಹೊರವಲಯದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅರ್ಕಾ ಪರಿಮಳದಂತಹ ಗುಲಾಬಿಗಳನ್ನು ಹೊರತಂದಿದೆ. ನರ್ಸರಿಯಲ್ಲಿ ಹೂವಿನ ಗಾತ್ರ ನೋಡಿ ಮರುಳಾಗುವ ಬದಲು ನಮ್ಮ ಸೆಕೆಗೆ ತಾಳುವ ಜಾತಿ ಯಾವುದೆಂದು ಕೇಳಿ ತರುವುದು ಜಾಣತನ. ಬಾಲ್ಕನಿಗೆ ಗೊಂಚಲಾಗಿ ಹೂ ಬಿಡುವ ಫ್ಲೋರಿಬಂಡಾ ಹಾಗೂ ಪುಟ್ಟ ಮಿನಿಯೇಚರ್ ಗುಲಾಬಿಗಳು ಹೆಚ್ಚು ಸೂಕ್ತ.

ಮಳೆಗಾಲದ ನಾಲ್ಕು ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗುಲಾಬಿಗೆ ಅಗ್ನಿಪರೀಕ್ಷೆ. ಎಲೆಯ ಮೇಲೆ ಕಪ್ಪು ಚುಕ್ಕೆ, ಸುತ್ತ ಹಳದಿ, ಮತ್ತೆ ಎಲೆ ಉದುರು. ಈ ಶಿಲೀಂಧ್ರಕ್ಕೆ ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಸಾಕು, ಬೇರೂರುತ್ತದೆ. ಆದ್ದರಿಂದ ಸಾಧ್ಯವಾದರೆ ಚಟ್ಟಿಯನ್ನು ಜಡಿಮಳೆ ತಾಗದ, ಗಾಳಿಯಾಡುವ ಜಾಗಕ್ಕೆ ಸರಿಸಿ. ಉದುರಿದ ಎಲೆ ಹೆಕ್ಕಿ ಕಸಕ್ಕೆ ಹಾಕಿ, ಚಟ್ಟಿಯಲ್ಲಿ ಬಿಡಬೇಡಿ. ಬೇಸಿಗೆಯಲ್ಲಿ ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಕೆಂಪು ಜೇಡನುಸಿ. ಎಲೆ ಧೂಳು ಹಿಡಿದಂತೆ ಬಣ್ಣಗೆಡುತ್ತದೆ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ನೀರು ರಭಸವಾಗಿ ಚಿಮುಕಿಸಿದರೆ ಅರ್ಧ ತೊಂದರೆ ಮುಗಿಯಿತು. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಸಿಂಪಡಿಸಬಹುದು. ಅಡುಗೆಮನೆಯ ಕಿಟಕಿಗೆ ತಾಗಿ ಗಿಡ ಇಟ್ಟವರು ತೋಟಕ್ಕೆ ಹೊಡೆಯುವ ಕಡು ವಿಷಗಳ ಗೋಜಿಗೆ ಹೋಗದಿರುವುದು ಲೇಸು, ಮನೆಯಲ್ಲಿ ಮಗುವಿದ್ದರಂತೂ ಖಂಡಿತ.

ಚಟ್ಟಿಯ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಬೇರಿಗೂ ಕೇಡು, ಡೆಂಗ್ಯೂ ಸೊಳ್ಳೆಗೂ ಅದೇ ತೊಟ್ಟಿಲು. ಮಳೆಗಾಲದಲ್ಲಿ ಪಾಲಿಕೆಯ ಸಿಬ್ಬಂದಿ ಪರಿಶೀಲನೆಗೆ ಬಂದಾಗ ಮೊದಲು ನೋಡುವ ಜಾಗಗಳಲ್ಲಿ ಇದೂ ಒಂದು. ಹಾಗೆಂದು ತಟ್ಟೆಯನ್ನೇ ತೆಗೆದರೆ ಕೆಂಪು ನೀರು ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಯ ಮೇಲೆ. ದಿನವೂ ತಟ್ಟೆ ಚೆಲ್ಲುವುದಲ್ಲದೆ ಬೇರೆ ಉಪಾಯವಿಲ್ಲ.

ಅಕ್ಟೋಬರ್‌ನ ಕತ್ತರಿ

ಮಳೆ ಪೂರ್ತಿ ಹಿಂದೆ ಸರಿದ ಮೇಲೆ, ಸಾಮಾನ್ಯವಾಗಿ ಅಕ್ಟೋಬರ್ ಎರಡು-ಮೂರನೆಯ ವಾರದಲ್ಲಿ, ಕತ್ತರಿ ಹಿಡಿಯಬೇಕು. ಹೆಂಗಸರಿಗೆ ಇದೇ ಕಷ್ಟದ ಕೆಲಸ. "ಇಷ್ಟು ಚಂದ ಬೆಳೆದದ್ದನ್ನು ಹೇಗೆ ಕಡಿಯುವುದು" ಎನ್ನುತ್ತಾರೆ. ಕಡಿಯದಿದ್ದರೆ ಗಿಡ ಕಡ್ಡಿಯಾಗಿ ತುದಿಯಲ್ಲಿ ಒಂದೆರಡು ಚಿಕ್ಕ ಹೂ ಮಾತ್ರ. ಒಣಗಿದ, ರೋಗ ಬಂದ, ಒಳಮುಖವಾಗಿ ಉಜ್ಜುವ ಕೊಂಬೆಗಳನ್ನು ಮೊದಲು ತೆಗೆದು, ನಾಲ್ಕೈದು ಗಟ್ಟಿ ಕೊಂಬೆ ಉಳಿಸಿ. ಆರೋಗ್ಯವಂತ ಗಿಡವನ್ನು ಸುಮಾರು ಒಂದೂವರೆ ಅಡಿಗೆ ಇಳಿಸಬಹುದು. ಸೊರಗಿದ ಗಿಡವಾದರೆ ಮೂರನೆಯ ಒಂದು ಪಾಲು ಸಾಕು. ಹೊರಮುಖವಾದ ಕಣ್ಣಿನ ಕಾಲಿಂಚು ಮೇಲೆ ಓರೆಯಾದ ಕಡಿತ, ಹರಿತವಾದ ಕತ್ತರಿ. ಮೊಂಡಾದ ಅಡುಗೆ ಕತ್ತರಿಯಿಂದ ಕಾಂಡ ಜಜ್ಜಿ ಹೋದರೆ ತುದಿಯಿಂದ ಕಪ್ಪಾಗಿ ಒಣಗುತ್ತಾ ಬುಡದವರೆಗೆ ಇಳಿಯುವ ರೋಗ ಅಲ್ಲಿಂದಲೇ ಶುರು. ಕಡಿದ ಜಾಗಕ್ಕೆ ತಾಮ್ರದ ಶಿಲೀಂಧ್ರನಾಶಕದ ಹುಡಿಯನ್ನು ನೀರಿನಲ್ಲಿ ಕಲಸಿ ಹಚ್ಚಿದರೆ ರಕ್ಷಣೆ.

ಅದೇ ದಿನ ಮೇಲಿನ ಎರಡಿಂಚು ಹಳೆ ಮಣ್ಣು ಕೆರೆದು ತೆಗೆದು ಹೊಸ ಗೊಬ್ಬರ ಮಣ್ಣು ತುಂಬಿ. ಹತ್ತು-ಹನ್ನೆರಡು ದಿನದಲ್ಲಿ ತಾಮ್ರದ ಬಣ್ಣದ ಚಿಗುರು ಹೊರಡುತ್ತದೆ. ನೀರುಗೊಬ್ಬರ ಆಗಿನಿಂದ. ಮೊಗ್ಗು ಬಣ್ಣ ತೋರಿದ ಮೇಲೆ ಆ ಸುತ್ತಿಗೆ ಗೊಬ್ಬರ ನಿಲ್ಲಿಸಿ. ಕತ್ತರಿಸಿದ ದಿನದಿಂದ ಹೂವಿಗೆ ಸುಮಾರು 45 ದಿನ. ದೀಪಾವಳಿಗೇ ಹೂ ಬೇಕೆಂದು ಸೆಪ್ಟೆಂಬರ್ ಮಳೆಯಲ್ಲಿ ಕತ್ತರಿಸುವವರು ರೋಗವನ್ನು ಕರೆದು ಕೂರಿಸಿಕೊಂಡಂತೆ. ಅಕ್ಟೋಬರ್ 15ಕ್ಕೆ ಕತ್ತರಿಸಿದರೆ ನವೆಂಬರ್ ಕೊನೆಗೆ ಮೊದಲ ಸುತ್ತು, ಬಾಡಿದ ಹೂಗಳನ್ನು ಎರಡು ಎಲೆಯ ಕೆಳಗೆ ಕತ್ತರಿಸುತ್ತ ಬಂದರೆ ಜನವರಿಯಲ್ಲಿ ಮಕರ ಸಂಕ್ರಾಂತಿಯ ಅರಸಿನ ಕುಂಕುಮದ ಹೊತ್ತಿಗೆ ಎರಡನೆಯ ಸುತ್ತು ಸಿಗುತ್ತದೆ. ಫೆಬ್ರವರಿ ಕೊನೆಯಿಂದ ಗೊಬ್ಬರ ಅರ್ಧಕ್ಕೆ ಇಳಿಸಿ. ಎಪ್ರಿಲ್-ಮೇ ತಿಂಗಳಲ್ಲಿ ಬೇವಿನ ಹಿಂಡಿ, ಎರೆಗೊಬ್ಬರ ಬಿಟ್ಟು ಬೇರೇನೂ ಬೇಡ. ಬೆಳಿಗ್ಗೆ ನೀರು, ಬುಡಕ್ಕೆ ಒಣ ಎಲೆಯೋ ತೆಂಗಿನ ಸಿಪ್ಪೆಯ ತುಂಡೋ ಮುಚ್ಚಿದರೆ ಸಾಕು. ಬೇಸಿಗೆ ರಜೆಗೆ ಊರಿಗೆ ಹೋಗುವವರು ಚಟ್ಟಿಗಳನ್ನೆಲ್ಲ ಒಟ್ಟಿಗೆ ನೆರಳಿಗೆ ಸರಿಸಿ, ಪಕ್ಕದ ಮನೆಯವರಿಗೆ ಕೀಲಿಕೈಯೊಂದಿಗೆ "ಮಣ್ಣು ಒಣಗಿದ್ದರೆ ಮಾತ್ರ ನೀರು" ಎಂದು ಹೇಳಿ ಹೋಗಲಿ. ದಿನಾ ಎರಡು ಬಾಲ್ದಿ ಸುರಿದು ಗಿಡ ಕೊಳೆಸುವ ಪ್ರೀತಿಯ ನೆರೆಯವರು ಎಲ್ಲ ಕಟ್ಟಡಗಳಲ್ಲೂ ಇದ್ದಾರೆ.